ಅನ್ನ ಬಿಡಿ ಅಂದ್ರೆ ಸಾಕಾ?

ಹೈಟಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು 2010ರ ಭೂಕಂಪ. ಅದರಾಚೆಗೆ ಆ ದೇಶದ ಬಗ್ಗೆ ನಾವು ಓದಿರೋದು ಕಡಿಮೆ. ಕೆಲಸ ಹುಡುಕಿಕೊಂಡು, ಹಿಂಸೆಯಿಂದ ತಪ್ಪಿಸಿಕೊಂಡು ಅಲ್ಲಿಂದ ಅಮೆರಿಕಕ್ಕೆ ಹೋದ ಲಕ್ಷಾಂತರ ಜನ ಮಯಾಮಿಯ ಲಿಟಲ್ ಹೈಟಿ, ನ್ಯೂಯಾರ್ಕಿನ ಬ್ರೂಕ್ಲಿನ್, ಬಾಸ್ಟನ್ ಮುಂತಾದ ಕಡೆ ನೆಲೆಸಿದ್ದಾರೆ. ಅವರಲ್ಲಿ ಅನೇಕರನ್ನು ಕಾಡುವ ಕಾಯಿಲೆ ನಮಗೂ ಚೆನ್ನಾಗಿ ಗೊತ್ತಿರೋದೇ: ಮಧುಮೇಹ. ಅವರ ಕ್ರಿಯೋಲ್ ಭಾಷೆಯಲ್ಲಿ ಅದಕ್ಕೆ ‘ಸಿಕ್’ ಅಂತಾರೆ, ಅಂದರೆ ಸಕ್ಕರೆ. ನಾವು ‘ಅವರಿಗೆ ಶುಗರ್ ಇದೆ’ ಅನ್ನೋ ಹಾಗೇ.

ವಲಸೆ ಬಂದವರ ಶುಗರ್ ಹತೋಟಿಗೆ ಬರದಿದ್ದಾಗ ಸುಲಭವಾಗಿ ಸಿಗೋ ಉತ್ತರ ಒಂದಿದೆ: ‘ಅವರ ಸಂಸ್ಕೃತಿನೇ ಹಾಗೆ, ಹೇಳಿದ್ದು ಕೇಳಲ್ಲ.’ ನನಗೆ ಇದು ಸೋಮಾರಿ ಉತ್ತರ ಅನ್ಸುತ್ತೆ. ರೋಗಿಯ ಬದುಕನ್ನು ತಿಳಿದುಕೊಳ್ಳದೆ ಸಲಹೆ ಕೊಟ್ಟು, ಆಮೇಲೆ ಸಲಹೆ ಫಲಿಸಲಿಲ್ಲ ಅಂತ ರೋಗಿಯನ್ನೇ ದೂರೋದು ಯಾವ ನ್ಯಾಯ?

ಊಟದಿಂದಲೇ ಶುರು ಮಾಡೋಣ. ಹೈಟಿಯ ಮನೆಗಳಲ್ಲಿ ಅನ್ನ ಮತ್ತು ಕಾಳು ಸೇರಿಸಿ ಮಾಡುವ ‘ದಿರಿ ಅಕ್ ಪ್ವಾ’, ಬಾಳೆಕಾಯಿಯನ್ನು ಕರಿದು, ಒತ್ತಿ, ಮತ್ತೆ ಕರಿಯುವ ‘ಬನಾನ್ ಪೆಜೆ’ ಇಲ್ಲದೆ ಊಟ ಊಟ ಅನ್ನಿಸೋದೇ ಇಲ್ಲ. ಇಂಥವರ ಕೈಗೆ ಬ್ರೌನ್ ಬ್ರೆಡ್ಡು, ಬ್ರೊಕೊಲಿ ಚಿತ್ರ ಇರುವ ಹಾಳೆ ಕೊಟ್ಟು ‘ಅನ್ನ ಬಿಡಿ’ ಅಂದರೆ ಏನಾಗುತ್ತೆ? ಹಾಳೆ ಕಸದ ಬುಟ್ಟಿಗೆ, ಅನ್ನ ತಟ್ಟೆಗೆ. ಅದರ ಬದಲು ಅದೇ ಅಡುಗೆಮನೆಯಲ್ಲಿ ಉತ್ತರ ಹುಡುಕಬಹುದು. ಅನ್ನ ಕಡಿಮೆ, ಕಾಳು ಹೆಚ್ಚು. ಬಾಳೆಕಾಯಿ ಕರಿಯೋ ಬದಲು ಬೇಯಿಸಿ ಸ್ವಲ್ಪವೇ ಬಡಿಸೋದು. ಬದನೆಕಾಯಿ, ಕೋಸು ಹಾಕಿ ಮಾಡುವ ‘ಲೆಗಿಮ್’ ತಟ್ಟೆಯ ಅರ್ಧ ತುಂಬಲಿ.

ಹಬ್ಬದೂಟದ ಮಾತೂ ಹೀಗೇ. ಹೈಟಿ ಫ್ರೆಂಚರ ವಸಾಹತಾಗಿದ್ದಾಗ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರಿಗೆ ಕುಂಬಳಕಾಯಿ ಸೂಪು ನಿಷಿದ್ಧವಾಗಿತ್ತು ಅಂತ ಹೈಟಿಯವರು ಹೇಳ್ತಾರೆ. 1804ರ ಜನವರಿ 1ರಂದು ಸ್ವತಂತ್ರರಾದರು. ಇವತ್ತಿಗೂ ಆ ದಿನ ‘ಸೂಪ್ ಜುಮು’ ಕುಡಿದೇ ಸಂಭ್ರಮಿಸ್ತಾರೆ. 2021ರಲ್ಲಿ ಯುನೆಸ್ಕೋ ಕೂಡ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಬಿಡಿ ಅಂತ ಯಾರೂ ಹೇಳಬೇಕಿಲ್ಲ. ಅದರೊಳಗಿನ ಆಲೂಗಡ್ಡೆ, ಪಾಸ್ತಾ ಕಡಿಮೆ ಮಾಡಿ ಅಂದರೆ ಸಾಕು.

ಇನ್ನು ಸೊಪ್ಪಿನ ಕಷಾಯ. ಹೈಟಿಯವರು ಶುಗರಿಗೆ ಬಳಸುವ ‘ಅಸೊಸಿ’ ಬೇರೇನೂ ಅಲ್ಲ, ನಮ್ಮ ಹಾಗಲದ ಬಳ್ಳಿ! ನಮ್ಮಲ್ಲೂ ಬೆಳಗ್ಗೆದ್ದು ಹಾಗಲಕಾಯಿ ರಸ ಕುಡಿಯುವವರಿಗೇನು ಕೊರತೆ? ಡಾಕ್ಟರು ನಕ್ಕುಬಿಟ್ಟರೆ ರೋಗಿ ಕಷಾಯ ಬಿಡಲ್ಲ, ಹೇಳೋದನ್ನ ಬಿಡ್ತಾನೆ. ಅಪಾಯ ಇರೋದು ಅಲ್ಲೇ. ಮಾತ್ರೆ ಜೊತೆ ಕಷಾಯವೂ ಸೇರಿ ಸಕ್ಕರೆ ತೀರಾ ಕುಸಿಯಬಹುದು, ಅಥವಾ ಕಷಾಯ ನಂಬಿ ಮಾತ್ರೆಯನ್ನೇ ನಿಲ್ಲಿಸಬಹುದು. ಅಂದಹಾಗೆ, ಎಲ್ಲೆಡೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕಿದರೂ ಯುರೋಪಿನ ಗ್ಯಾಲೆಗಾ ಅನ್ನೋ ಗಿಡ ಸಿಗುತ್ತೆ. ಗಿಡದ ಬಗ್ಗೆ ಗೌರವ ಇಟ್ಟುಕೊಂಡೇ, ಅಳೆದು ಕೊಟ್ಟ ಡೋಸು ಯಾಕೆ ಬೇಕು ಅಂತ ವಿವರಿಸಬಹುದಲ್ವಾ?

ಎಲ್ಲಕ್ಕಿಂತ ಗಂಭೀರ ವಿಷಯ ನಂಬಿಕೆಯದು. 1983ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ, ಏಡ್ಸ್ ಅಪಾಯದ ಗುಂಪುಗಳಲ್ಲಿ ಹೈಟಿಯವರನ್ನೂ ಹೆಸರಿಸಿತು. ಕೆಲಸ, ಬಾಡಿಗೆ ಮನೆ ಸಿಗದ ಹಾಗಾಯ್ತು. 1990ರಲ್ಲಿ ಎಫ್‌ಡಿಎ, ಹೈಟಿಯವರ ರಕ್ತ ತೆಗೆದುಕೊಳ್ಳಬೇಡಿ ಅಂದಾಗ ಸಾವಿರಾರು ಜನ ಬ್ರೂಕ್ಲಿನ್ ಸೇತುವೆ ದಾಟಿ ಪ್ರತಿಭಟಿಸಿದರು. ‘ನಿಮ್ಮ ರಕ್ತ ಕೆಟ್ಟದ್ದು’ ಅನ್ನಿಸಿಕೊಂಡ ಸಮುದಾಯ, ರಕ್ತ ಪರೀಕ್ಷೆಗೆ ಬನ್ನಿ ಅಂದರೆ ಹಿಂದೆಮುಂದೆ ನೋಡಿದ್ರೆ ಅದನ್ನು ಬರೀ ಮೂಢನಂಬಿಕೆ ಅಂತ ಕರೆಯೋಕಾಗುತ್ತಾ?

ಹಾಗಂತ ಸಂಸ್ಕೃತಿಯ ಹೆಸರಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಏರಿದ ಸಕ್ಕರೆ ಕಣ್ಣು, ಕಿಡ್ನಿ, ಕಾಲಿನ ನರಗಳನ್ನು ಹಾಳು ಮಾಡೋವಾಗ ಯಾರ ಭಾಷೆ ಯಾವುದು ಅಂತ ಕೇಳಲ್ಲ. ಎಲ್ಲ ತೊಂದರೆಯೂ ಸಂಸ್ಕೃತಿಯದ್ದಲ್ಲ ಅನ್ನೋದೂ ನಿಜ. ಅಮೆರಿಕದ ವೃದ್ಧಾಶ್ರಮಗಳಲ್ಲಿ, ಮನೆಗಳಲ್ಲಿ ಬೇರೆಯವರ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವ ಹೈಟಿಯ ಹೆಂಗಸರು ಎಷ್ಟೋ ಜನ. ನೈಟ್ ಶಿಫ್ಟ್ ಮುಗಿಸಿ ಬಂದು, ಊರಿಗೂ ದುಡ್ಡು ಕಳಿಸಬೇಕಾದವಳಿಗೆ ‘ದಿನಾ ವಾಕ್ ಮಾಡಿ, ಹೊತ್ತಿಗೆ ಸರಿಯಾಗಿ ತಿನ್ನಿ’ ಅಂದರೆ ಅವಳು ಏನು ಮಾಡಬೇಕು?

ನಾಳೆ ನಮ್ಮಲ್ಲೇ ಯಾರಾದರೂ ಆರೋಗ್ಯದ ಆ್ಯಪ್ ಬರೆಯಬಹುದು, ಗ್ಲುಕೋಮೀಟರ್ ವಿನ್ಯಾಸ ಮಾಡಬಹುದು. ಹೈಟಿಯವರಿಗೆ ಫ್ರೆಂಚ್ ಸಾಕು ಅಂದುಕೊಂಡರೆ ಅಲ್ಲೇ ಎಡವಿದ ಹಾಗೆ. ಎಲ್ಲರೂ ಆಡೋದು ಕ್ರಿಯೋಲ್, ಫ್ರೆಂಚ್ ಚೆನ್ನಾಗಿ ಬರೋದು ಕೆಲವರಿಗೆ ಮಾತ್ರ. ಆ್ಯಪಿನ ಆಹಾರದ ಪಟ್ಟಿಯಲ್ಲಿ ಬನಾನ್ ಪೆಜೆ ಇಲ್ಲದಿದ್ದರೆ, ಅದು ಹೈಟಿಯ ಅಜ್ಜಿಗೆ ಬೇಕಾದ ಲೆಕ್ಕ ಕೊಡಲಾರದು. ನಮ್ಮ ಅಜ್ಜಿಯ ರಾಗಿಮುದ್ದೆ ಅದರಲ್ಲಿ ಇದೆಯಾ ಅಂತಲೂ ಒಮ್ಮೆ ನೋಡಿ.