ವೇಗಕ್ಕೂ ವಿವೇಕ ಬೇಕು

ಅಂಕಿ-ಅಂಶಗಳನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದರೆ ವ್ಯವಹಾರ ಚುರುಕಾಗುತ್ತದೆಂಬುದು ಸುಳ್ಳಲ್ಲ. ಆದರೆ ಪೂರ್ಣಸತ್ಯವೂ ಅಲ್ಲ.

ಅಮೆರಿಕದ ಜಿಲ್ಲೋ ಸಂಸ್ಥೆ 2018ರಲ್ಲಿ ಮನೆಗಳನ್ನು ತಾನೇ ಕೊಂಡು, ದುರಸ್ತಿಗೊಳಿಸಿ ಮಾರುವ ವ್ಯಾಪಾರಕ್ಕಿಳಿಯಿತು. ಬೆಲೆ ಕಟ್ಟಲು ಗಣಕಸೂತ್ರಗಳನ್ನು ಬಹುವಾಗಿ ನೆಚ್ಚಿತು. ಖರೀದಿಯೇನೋ ಚುರುಕಾಯಿತು, ಆದರೆ ಮುಂದಿನ ತಿಂಗಳುಗಳ ಬೆಲೆಯ ಊಹೆ ತಪ್ಪಿ, ಮಾರಿದರೆ ಹುಟ್ಟುವುದಕ್ಕಿಂತ ಹೆಚ್ಚು ಹಣ ತೆತ್ತು ಎಷ್ಟೋ ಮನೆಗಳನ್ನು ಕೊಂಡಿತ್ತು. 2021ರ ನವೆಂಬರಿನಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಸಂಸ್ಥೆಯ ಸುಮಾರು ಶೇ. 25ರಷ್ಟು ನೌಕರರನ್ನು ಕೈಬಿಡುವುದೆಂದಿತು.

ಲೆಕ್ಕ ತಪ್ಪಿದ್ದು ಒಂದು ಕಡೆ, ದಂಡ ತೆತ್ತವರು ಇನ್ನೊಂದು ಕಡೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ಯಂತ್ರವೂ ಸುಳ್ಳುಮಾಡಲಾರದು. ಯಂತ್ರ ಲೆಕ್ಕ ಹೇಳಲಿ. ಸಂಶಯ ಬಂದಾಗ ‘ತಾಳು’ ಎನ್ನುವ ಅಧಿಕಾರವೂ, ತಪ್ಪಿದರೆ ಉತ್ತರ ಹೇಳುವ ಹೊಣೆಯೂ ಮನುಷ್ಯನಲ್ಲೇ ಉಳಿಯಲೆಂಬುದು ನನ್ನ ನಿಲುವು.