ತಿಕ್ಕುವ ಕೈಗೆ ತಡೆಯುವುದೂ ತಿಳಿದಿರಬೇಕು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಕಾಲಿಗೆ ನಮಸ್ಕರಿಸಿ, ಬಣ್ಣದ ಕರಪತ್ರವೊಂದನ್ನು ಕೈಗಿತ್ತನು. ಆತನ ಬಂಧುವೊಬ್ಬರು ಪಟ್ಟಣದಲ್ಲಿ ಅಂಗಮರ್ದನದ ಕೇಂದ್ರ ತೆರೆಯಲಿದ್ದಾರಂತೆ. ಉದ್ಘಾಟನೆಯ ದಿನ ವಿಜ್ಞಾನದ ಮೇಷ್ಟರು ಬಂದು ನಾಲ್ಕು ಮಾತನಾಡಬೇಕೆಂಬುದು ಅವರ ಕೋರಿಕೆ. ಕನ್ನಡಕ ಹಾಕಿಕೊಂಡು ಓದಿದೆ. ಸೊಂಟನೋವು, ಮಂಡಿನೋವುಗಳಿಂದ ಆರಂಭವಾದ ರೋಗಗಳ ಪಟ್ಟಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಬೊಜ್ಜುಗಳನ್ನು ದಾಟಿ ಪುಟದ ಕೊನೆಯವರೆಗೂ ಸಾಗಿತ್ತು. ಕೆಳಗೆ ದಪ್ಪಕ್ಷರಗಳಲ್ಲಿ 'ಏಳು ದಿನಗಳ ಸಂಪೂರ್ಣ ಪಂಚಕರ್ಮ. ದೇಹದ ವಿಷವೆಲ್ಲ ಹೊರಕ್ಕೆ' ಎಂದಿತ್ತು.

ಬಾರೆನೆಂದು ಹೇಳಿದೆ. ಹುಡುಗ ಮುಖ ಸಣ್ಣದು ಮಾಡಿಕೊಂಡು, "ಎಣ್ಣೆ ತಿಕ್ಕೋದು ತಾನೇ ಸಾರ್, ಗುಣ ಆಗದಿದ್ದರೂ ಕೆಡುಕೇನು?" ಎಂದನು. ಬಾಗಿಲಲ್ಲಿ ನಿಂತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟಪಡಿಸುತ್ತೇನೆ: ನಾನು ಅಂಗಮರ್ದನದ ವೈರಿಯಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ಅಮ್ಮನ ಕೈಯಿಂದ ನೆತ್ತಿಗೆ ಎಣ್ಣೆ ಹಚ್ಚಿಸಿಕೊಂಡು, ಹಂಡೆಯ ಬಿಸಿನೀರನ್ನು ಮೈಮೇಲೆ ಸುರಿಸಿಕೊಂಡು ಬೆಳೆದವನು. ನಮ್ಮ ಕೇರಿಯ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ಹಚ್ಚಿ ನೀರೆರೆಯಲು ಅಜ್ಜಿಯೊಬ್ಬರು ಬರುತ್ತಿದ್ದರು. ಅಕ್ಷರ ಬಲ್ಲವರಲ್ಲ. ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಮೊದಲು ತಮ್ಮ ಮುಂಗೈಗೆ ಹಚ್ಚಿ ಬಿಸಿ ಪರೀಕ್ಷಿಸಿ, ಆಮೇಲಷ್ಟೇ ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ನನ್ನ ತಮ್ಮ ಹುಟ್ಟಿದ ಹೊಸತರಲ್ಲಿ ಒಂದು ದಿನ ಬಂದವರೇ ಕೂಸಿನ ಹಣೆ ಮುಟ್ಟಿ ನೋಡಿ, "ಮೈ ಬಿಸಿ ಐತೆ, ಇವತ್ತು ಎಣ್ಣೆ ಬ್ಯಾಡ ಕಣವ್ವಾ" ಎಂದು ಹೇಳಿ, ಆ ದಿನದ ಕೂಲಿಯನ್ನೂ ಬಿಟ್ಟು ಹೊರಟುಹೋದರು. ಹೊಸ ಜ್ವರದಲ್ಲಿ ಅಭ್ಯಂಗ ಕೂಡದೆಂದು ಚರಕಸಂಹಿತೆಯೂ ಹೇಳುತ್ತದೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದಿನಿಂದ ಆ ಅಜ್ಜಿಯ ಮೇಲಿನ ಗೌರವ ಇಮ್ಮಡಿಸಿದೆ.

ಅಂಗಮರ್ದನವೆಂಬುದು ಒಂದೇ ಕ್ರಿಯೆಯ ಹೆಸರಲ್ಲ. ಸ್ವೀಡನ್ನಿನ ಹೆಸರು ಹೊತ್ತ ಪದ್ಧತಿಯಲ್ಲಿ ಐದು ಬಗೆಯ ಕೈಚಳಕಗಳಿವೆ: ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು, ಅದುರಿಸುವುದು. ಹೆಸರು ಸ್ವೀಡನ್ನಿನದಾದರೂ ಇದನ್ನು ಕ್ರಮಬದ್ಧಗೊಳಿಸಿದ ಕೀರ್ತಿ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ (1838–1909) ಅವರಿಗೆ ಸಲ್ಲುತ್ತದೆ. ಜಪಾನಿನ ಶಿಯಾತ್ಸುವಿನಲ್ಲಿ ಎಣ್ಣೆಯೇ ಇಲ್ಲ. ಬಟ್ಟೆಯ ಮೇಲಿಂದಲೇ ಹೆಬ್ಬೆರಳು, ಅಂಗೈಗಳಿಂದ ಒತ್ತುತ್ತಾರೆ. ಥಾಯ್ ಪದ್ಧತಿಯಲ್ಲಿ ನೆಲದ ಹಾಸಿಗೆಯ ಮೇಲೆ ಮಲಗಿಸಿ, ಒತ್ತುವುದರ ಜೊತೆಗೆ ಕೈಕಾಲುಗಳನ್ನು ಎಳೆದು ಚಾಚಿಸುತ್ತಾರೆ; 2019ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಡೆನ್ಮಾರ್ಕಿನ ವೋಡರ್ ದಂಪತಿಗಳು 1930ರ ದಶಕದಲ್ಲಿ ರೂಪಿಸಿದ ದುಗ್ಧರಸದ ಮರ್ದನವಂತೂ ಚರ್ಮವಷ್ಟೇ ಸರಿಯುವಷ್ಟು ಹಗುರ. ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೈ ಬಾತುಕೊಂಡವರಿಗೆ, ಬಿಗಿಪಟ್ಟಿಯ ಜೊತೆಗೆ, ತರಬೇತಿ ಪಡೆದವರು ಅದನ್ನು ಮಾಡುತ್ತಾರೆ. 'ಬಲವಾಗಿ ಒತ್ತಿದಷ್ಟೂ ಒಳ್ಳೆಯದು' ಎಂಬ ನಮ್ಮವರ ನಂಬಿಕೆಗೆ ಇದೊಂದೇ ಉತ್ತರ ಸಾಕು.

ನಮ್ಮ ಅಭ್ಯಂಗದಲ್ಲಿ ಎಣ್ಣೆಯೇ ಪ್ರಧಾನ. ಎಣ್ಣೆ ಹಚ್ಚಿದ ಗಡಿಗೆ, ಎಣ್ಣೆ ತಿಕ್ಕಿದ ತೊಗಲು, ಎಣ್ಣೆ ಕಂಡ ಗಾಡಿಯ ಅಚ್ಚು ಹೇಗೆ ಗಟ್ಟಿಯಾಗಿ ಬಾಳುವುವೋ ಹಾಗೆ ದೇಹವೂ ಎಂಬ ಹೋಲಿಕೆ ಚರಕದಲ್ಲಿದೆ. ಕೀಲೆಣ್ಣೆ ಹಾಕಿದ ಎತ್ತಿನ ಗಾಡಿಯಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಭ್ಯಂಗವನ್ನು ನಿತ್ಯವೂ ಮಾಡಿರೆಂದು ಹೇಳುವ ವಾಗ್ಭಟನೇ, ಕಫ ಹೆಚ್ಚಿದವರಿಗೂ ಅಜೀರ್ಣದಿಂದ ನರಳುವವರಿಗೂ ಅದು ಸಲ್ಲದೆಂದೂ ಹೇಳಿದ್ದಾನೆ. ಪ್ರಾಚೀನರ ಹೆಸರಿನಲ್ಲಿ ವ್ಯಾಪಾರ ಮಾಡುವವರು ಅವರ ವಿಧಿಯನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಿ, ನಿಷೇಧವನ್ನು ಮಾತ್ರ ಮರೆಮಾಚುವುದೇಕೆ?

ಈಗ ಪಂಚಕರ್ಮದ ವಿಚಾರ. ವಮನ, ವಿರೇಚನ, ಎರಡು ಬಗೆಯ ಬಸ್ತಿ, ನಸ್ಯ: ಇವು ಚರಕಪರಂಪರೆಯ ಐದು ಕರ್ಮಗಳು. ಸುಶ್ರುತ ಪರಂಪರೆಯಲ್ಲಿ ರಕ್ತಮೋಕ್ಷಣಕ್ಕೂ ಸ್ಥಾನವುಂಟು. ಎಣ್ಣೆ ತಿಕ್ಕುವುದು ಈ ಐದರಲ್ಲಿ ಒಂದಲ್ಲ! ಅದು ಪೂರ್ವಕರ್ಮ, ಎಂದರೆ ಮುಂಚಿನ ಸಿದ್ಧತೆ. ವೈದ್ಯರ ನಾಡಿಪರೀಕ್ಷೆಯಿಲ್ಲ, ಔಷಧವಿಲ್ಲ, ಪಥ್ಯವಿಲ್ಲ. ಏಳು ದಿನ ಬೆನ್ನಿಗೆ ಎಣ್ಣೆ ತಿಕ್ಕಿ 'ಸಂಪೂರ್ಣ ಪಂಚಕರ್ಮ'ವೆಂದು ರಸೀದಿ ಕೊಡುವುದು, ಹಾಜರಿ ಕರೆದು ಪಾಠ ಮುಗಿಯಿತೆನ್ನುವ ಮೇಷ್ಟರ ಹಾಗಾಯಿತು.

ಉಳಿದ ಭರವಸೆಗಳನ್ನೂ ನೋಡೋಣ. ರಕ್ತದ ಕಶ್ಮಲಗಳನ್ನು ಹೊರಹಾಕಲು ಯಕೃತ್ತು, ಮೂತ್ರಪಿಂಡಗಳಿವೆ. ಬೆನ್ನು ತಿಕ್ಕಿ ಆ ಕೆಲಸ ಮಾಡಿಸಲಾಗದು. ಮರ್ದನದಿಂದ ಕೊಬ್ಬು ಕರಗುವುದಾದರೆ, ಬೆವರು ಸುರಿಸಿ ತಿಕ್ಕುವವನದು ಕರಗಬೇಕೇ ಹೊರತು ಮಲಗಿದವನದಲ್ಲ. ಸಕ್ಕರೆ ಕಾಯಿಲೆಯವರ ಪಾದಗಳಲ್ಲಿ ಎಷ್ಟೋ ವೇಳೆ ಸ್ಪರ್ಶಜ್ಞಾನ ಕುಗ್ಗಿರುತ್ತದೆ; ಎಣ್ಣೆ ಸುಡುತ್ತಿದ್ದರೂ ಅವರಿಗೆ ತಿಳಿಯದು. ಹಾಗಾದರೆ ಮರ್ದನದಿಂದ ಪ್ರಯೋಜನವೇ ಇಲ್ಲವೇ? ಇದೆ. ಬಿಗಿದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ಹಗುರವಾಗುತ್ತದೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ ಮರ್ದನಕ್ಕೂ ಷರತ್ತಿನ ಶಿಫಾರಸು ದೊರೆತಿದೆ. ಇಷ್ಟನ್ನೇ ಹೇಳಿದರೆ ಸಾಲದೇ? ಸತ್ಯವೇ ಸಾಕಷ್ಟಿರುವಾಗ ಸುಳ್ಳನ್ನು ಏಕೆ ಬೆರೆಸಬೇಕು?

ಇನ್ನು ಕೆಡುಕಿನ ಮಾತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು.

2016ರಲ್ಲಿ ನನ್ನ ಪತ್ನಿ ಬಚ್ಚಲಿನಲ್ಲಿ ಜಾರಿಬಿದ್ದು, ಹಿಮ್ಮಡಿಯ ಬಳಿಯ ಮೂಳೆ ಬಿರುಕುಬಿಟ್ಟು, ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಪ್ಲಾಸ್ಟರ್ ಬಿಚ್ಚಿದ ಕೆಲವು ದಿನಗಳಲ್ಲಿ ಮೀನಖಂಡ ಬಾತುಕೊಂಡು ನೋಯತೊಡಗಿತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಮಲಗಿ ಮಲಗಿ ಹಿಡಿದುಕೊಂಡಿದೆ, ತಿಕ್ಕಿಸಿದರೆ ಸಡಿಲವಾದೀತೆಂದು ಒಂದು ಕೇಂದ್ರಕ್ಕೆ ಕರೆದೊಯ್ದವನು ನಾನೇ. ಅಲ್ಲಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಐದು ದಿನದ್ದೋ, ಏಳು ದಿನದ್ದೋ? ಮೂರನೆಯ ದಿನ ರಾತ್ರಿ ಆಕೆಗೆ ಎದೆ ಹಿಡಿದುಕೊಂಡು ಉಸಿರು ಕಟ್ಟಿತು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತದ ತುಣುಕೊಂದು ಶ್ವಾಸಕೋಶಕ್ಕೆ ಸೇರಿತ್ತು. "ತಿಕ್ಕಿದ್ದರಿಂದಲೇ ಕಳಚಿತೆಂದು ನಾನು ಹೇಳಲಾರೆ ಮೇಷ್ಟ್ರೇ. ಆದರೆ ಆ ಕಾಲನ್ನು ಯಾರೂ ತಿಕ್ಕಬಾರದಿತ್ತು" ಎಂದರು ವೈದ್ಯರು.

ದೇವರ ದಯೆಯಿಂದ, ವೈದ್ಯರ ಶ್ರಮದಿಂದ ಆಕೆ ಉಳಿದಳು. ಆದರೆ ನಾನು ಯಾರು? ಮೂವತ್ತು ವರ್ಷ ಹತ್ತನೆಯ ತರಗತಿಗೆ ರಕ್ತಪರಿಚಲನೆಯ ಪಾಠ ಮಾಡಿದವನು. ಕಾಲಿನ ರಕ್ತ ಅಭಿಧಮನಿಯ ಮೂಲಕ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯನ್ನು ನೀಲಿ ಸೀಮೆಸುಣ್ಣದಲ್ಲಿ ನಿಮ್ಮೆದುರಿಗೇ ಬರೆದು ತೋರಿಸಿದವನು. ಆ ಚಿತ್ರದಲ್ಲಿದ್ದ ದಾರಿ ನನ್ನ ಮನೆಯವಳ ಕಾಲಿನಲ್ಲೂ ಇದೆಯೆಂದು ಅಂದು ಹೊಳೆಯಲಿಲ್ಲ. ಕೇಂದ್ರದವರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನ್ನ ಮೇಲೂ ಇದೆ.

ಹೊರದೇಶಗಳಲ್ಲಿರುವ ಮಕ್ಕಳೇ, ಊರಿನಲ್ಲಿರುವ ತಂದೆತಾಯಿಗೆ ಹುಟ್ಟುಹಬ್ಬದ ಕಾಣಿಕೆಯೆಂದು ಇಂತಹ ಕೇಂದ್ರಗಳಿಗೆ ಹಣ ಕಟ್ಟುವ ಮುನ್ನ ಅಲ್ಲಿಯವರು ಏನು ಕೇಳುತ್ತಾರೆಂದು ವಿಚಾರಿಸಿರಿ. ಜ್ವರವಿದೆಯೇ? ಇತ್ತೀಚೆಗೆ ಮೂಳೆ ಮುರಿದಿತ್ತೇ, ಶಸ್ತ್ರಚಿಕಿತ್ಸೆಯಾಗಿತ್ತೇ? ಒಂದೇ ಕಾಲು ಬಾತಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀರಾ? ಚರ್ಮದ ಮೇಲೆ ಗಾಯವಿದೆಯೇ? ಇವನ್ನು ಕೇಳದೆಯೇ ಎಣ್ಣೆ ಬಿಸಿಮಾಡುವವರಿಗೆ ನಿಮ್ಮವರ ಮೈಯನ್ನು ಒಪ್ಪಿಸಬೇಡಿರಿ. ಹಾಗೆಂದು ಅಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಹಳಿಯಲೂಬೇಡಿರಿ. ಅವರದು ಬೆನ್ನು ಬಾಗಿಸಿ ಮಾಡುವ ದುಡಿಮೆ. ಅವರಿಗೆ 'ಇಂದು ಬೇಡ' ಎನ್ನುವ ವಿದ್ಯೆಯನ್ನು ಕಲಿಸದೆ, ಹಾಗೆ ಹೇಳುವ ಅಧಿಕಾರವನ್ನೂ ಕೊಡದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರದೇ ತಪ್ಪು.

ನಮ್ಮ ಕೇರಿಯ ಅಜ್ಜಿಗೆ ಒಂದು ದಿನದ ಕೂಲಿಗಿಂತ ಕೂಸಿನ ಹಣೆಯ ಬಿಸಿ ದೊಡ್ಡದಾಗಿತ್ತು. ಅಂತಹ ಒಬ್ಬರು ಆ ಕೇಂದ್ರದಲ್ಲಿದ್ದರೆ ನಾನೇ ಹೋಗಿ ದೀಪ ಬೆಳಗುತ್ತೇನೆ.

ಆ ಹುಡುಗನ ಕರಪತ್ರವನ್ನು ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಮೇಲಿನ ಪ್ರಶ್ನೆಗಳನ್ನು ಬರೆದು, ಅಂಚೆಯಲ್ಲಿ ಕಳುಹಿಸಿದ್ದೇನೆ. ಹೊಸದಾಗಿ ಅಚ್ಚುಹಾಕಿಸಿ ತಂದರೆ ಭಾಷಣಕ್ಕೆ ಸಿದ್ಧ. ಇಂದಿಗೆ ಇಪ್ಪತ್ತು ದಿನಗಳಾದವು, ಉತ್ತರ ಬಂದಿಲ್ಲ. ಅವನು ಈ ಬರಹವನ್ನಾದರೂ ಓದಲಿ.

ಇತಿ ನಿಮ್ಮ ಮೇಷ್ಟರು