ಕೊಂಡಿಯಿಲ್ಲದ ಹೊಂಡಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ನಮ್ಮ ತೆಂಗಿನ ಸೀಮೆಯಲ್ಲಿ ಕೆಲವು ಮಂದಿ ‘ಪ್ರಗತಿಪರ ಕೃಷಿಕ’ರನ್ನು ಆರಿಸಿ, ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸುವ ಪದ್ಧತಿಯೊಂದಿದೆ. ಸನ್ಮಾನಿತರು ಬಹುಮಟ್ಟಿಗೆ ಅದಕ್ಕೆ ಅರ್ಹರೇ ಆಗಿರುತ್ತಾರೆ. ಭಾಷಣಕಾರರು ಅವರ ತೋಟದ ಇಳುವರಿಯನ್ನು ಲೆಕ್ಕಹಾಕಿ ಹೇಳುತ್ತಾರೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ತೋಟದ ಬೇಲಿಯಾಚೆಗಿರುವ ನೆರೆಯವನು ಇವರಿಂದ ಏನು ಕಲಿತನು, ಇವರು ಆ ನೆರೆಯವನಿಂದ ಏನು ಕಲಿತರು ಎಂಬ ಪ್ರಶ್ನೆಯನ್ನು ಅಂತಹ ವೇದಿಕೆಯ ಮೇಲೆ ಯಾರೂ ಕೇಳಿದ್ದನ್ನು ನಾವು ಕಂಡಿಲ್ಲ. ಒಬ್ಬ ಜಾಣ, ಒಬ್ಬ ಸಾಹಸಿ ಅಥವಾ ಒಬ್ಬ ದಾನಿ ಬಂದು ಊರನ್ನು ಬದಲಿಸಿಯಾನೆಂದು ನಾವು ನಂಬಿ ಕುಳಿತಿದ್ದೇವೆ. ಊರು ನಿಜವಾಗಿ ಬದಲಾದ ಕಡೆಗಳಲ್ಲಿ ನಡೆದದ್ದೇನೆಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡುವುದು ಒಳ್ಳೆಯದು.

ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗಾಂಧೀಜಿಯವರ ಅನುಯಾಯಿ ಮಣಿಭಾಯಿ ದೇಸಾಯಿಯವರು ಪುಣೆಯ ಬಳಿಯ ಉರುಳಿಕಾಂಚನದಲ್ಲಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆಯು ಮುಂದೆ ಕರ್ನಾಟಕಕ್ಕೆ ಬಂದಾಗ ತಿಪಟೂರನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಪಶುವೈದ್ಯರಾದ ಡಾ. ಜಿ.ಎನ್.ಎಸ್. ರೆಡ್ಡಿಯವರು ಅದರ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಸಂಸ್ಥೆಯ ಮೂಲ ಕೆಲಸ ರಾಸುಗಳ ತಳಿ ಸುಧಾರಣೆ. ರೈತನ ಮನೆಬಾಗಿಲಿಗೇ ಹೋಗಿ ಕೃತಕ ಗರ್ಭಧಾರಣೆ ಮಾಡುವುದು. ಒಳ್ಳೆಯ ತಳಿಯ ಹಸು ಕೊಟ್ಟಿಗೆಗೆ ಬಂತು, ಆದರೆ ಅದಕ್ಕೆ ಮೇವು ಬೇಕಲ್ಲ! ಮೇವಿಗೆ ನೀರು ಬೇಕು. ನೀರು ನಿಲ್ಲಬೇಕಾದರೆ ಮಣ್ಣು ನಿಲ್ಲಬೇಕು. ಮಣ್ಣು ನಿಲ್ಲಬೇಕಾದರೆ ಬದುವಿನ ಮೇಲೆ ಮರ ಬೇಕು. ಹೀಗೆ ಹಸುವಿನ ಬೆನ್ನು ಹಿಡಿದು ಹೊರಟವರು ಜಲಾನಯನದ ಕೆಲಸಕ್ಕೂ, ಮರ ಆಧಾರಿತ ಬೇಸಾಯಕ್ಕೂ, ಮಹಿಳಾ ಸ್ವಸಹಾಯ ಸಂಘಗಳಿಗೂ ಬಂದು ತಲಪಿದರು. ಹಸು ಹಾಲು ಕಡಿಮೆ ಮಾಡಿತೇಕೆಂದು ರೈತನನ್ನು ಕೇಳಿದವನಿಗೆ ಮಾತ್ರ ನೀರಿನ ಸಂಗತಿ ತಿಳಿಯುತ್ತದೆ. ಕೇಳದೆ ಇನ್ನೊಂದು ತಳಿಯ ಹಸುವನ್ನು ಕೊಟ್ಟು ಹೋಗುವವರೂ ಉಂಟು.

ನಮ್ಮ ನೆರೆಯ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ–ಮೈಲನಹಳ್ಳಿ ಜಲಾನಯನದಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಈ ಸಂಸ್ಥೆಯವರು ರೈತರೊಡಗೂಡಿ ಮಾಡಿದ ಕೆಲಸವು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾದುದು. ಅಲ್ಲಿ ಹೊಲಹೊಲಕ್ಕೆ ಒಂದರಂತೆ ನೂರಾರು ಕೃಷಿ ಹೊಂಡಗಳನ್ನು ತೋಡಲಾಯಿತು. ಹೊಂಡ ತೋಡುವುದು ಹೊಸ ವಿದ್ಯೆಯೇನಲ್ಲ. ನಮ್ಮ ಅಜ್ಜಂದಿರೂ ತೋಡಿದ್ದರು. ಹೊಸದಾಗಿದ್ದುದು ಹೊಂಡಗಳ ನಡುವಣ ಸಂಬಂಧ. ಮೇಲಿನ ಹೊಲದ ಹೊಂಡ ತುಂಬಿ ಉಕ್ಕಿದ ನೀರು ಕಾಲುವೆಯ ಮೂಲಕ ಕೆಳಗಿನವನ ಹೊಂಡಕ್ಕೆ, ಅಲ್ಲಿಂದ ಅದರ ಕೆಳಗಿನವನ ಹೊಂಡಕ್ಕೆ ಹರಿಯುವಂತೆ ಸರಪಳಿ ಕಟ್ಟಲಾಯಿತು. ಮೂವತ್ತು ಅಡಿ ಉದ್ದ, ಅಷ್ಟೇ ಅಗಲ, ಹತ್ತು ಅಡಿ ಆಳದ ಒಂದು ಹೊಂಡವು ಒಮ್ಮೆ ತುಂಬಿದರೆ ಹೆಚ್ಚೆಂದರೆ ಎರಡೂವರೆ ಲಕ್ಷ ಲೀಟರು ಹಿಡಿದೀತು. ಗೋಡೆಗಳು ಇಳಿಜಾರಾದರೆ ಇನ್ನೂ ಕಡಿಮೆ. ಒಂದು ತೆಂಗಿನ ತೋಟಕ್ಕೆ ಅದು ಎಷ್ಟು ದಿನದ ಮಾತು? ಆದರೆ ಅಂತಹ ನೂರಾರು ಹೊಂಡಗಳು ಒಂದೇ ಹಳ್ಳದ ಮೈಮೇಲೆ ಸಾಲಾಗಿ ನಿಂತು, ಮಳೆಗಾಲದಲ್ಲಿ ಹಲವು ಸಲ ತುಂಬಿ ಹಲವು ಸಲ ಇಂಗಿದರೆ ನೆಲದೊಳಗಣ ನೀರಿನ ಲೆಕ್ಕವೇ ಬದಲಾಗುತ್ತದೆ.

ಇದಕ್ಕೆ ಬೇಕಾದ ಒಪ್ಪಂದವನ್ನು ವಾಚಕರು ಊಹಿಸಿಕೊಳ್ಳಬೇಕು. ಅಂತಹ ಒಂದು ಹೊಂಡಕ್ಕೆ ಹೆಚ್ಚು ಕಡಿಮೆ ಒಂದು ಗುಂಟೆ ನೆಲ ಹೋಗುತ್ತದೆ. ಮೇಲಿನವನು ತೂಬನ್ನು ಎಲ್ಲಿ ಇಡುತ್ತಾನೆಂಬುದು ಕೆಳಗಿನವನ ಭಾಗ್ಯವನ್ನು ನಿರ್ಣಯಿಸುತ್ತದೆ. ಕೆಳಗಿನವನು ಹೂಳೆತ್ತದೆ ಬಿಟ್ಟರೆ ಮೇಲಿನವನ ಬದುವಿಗೆ ಅಪಾಯ. ಬದುವಿನ ಜಗಳಗಳಿಗೆ ಹೆಸರಾದ ನಮ್ಮ ಹಳ್ಳಿಗಳಲ್ಲಿ, ಮಾತನಾಡದೆ ವರ್ಷಗಳೇ ಕಳೆದ ದಾಯಾದಿಗಳಿರುವ ಕಡೆಗಳಲ್ಲಿ, ನೀರಿನ ಓಟವನ್ನು ಕುರಿತು ಒಟ್ಟಾಗಿ ಕುಳಿತು ಮಾತನಾಡುವುದೇ ಒಂದು ದೊಡ್ಡ ಸಾಧನೆ. ತಜ್ಞನಿಗೆ ಇಳಿಜಾರಿನ ಅಳತೆ ಗೊತ್ತು. ಯಾವ ಮಳೆಗೆ ಯಾವ ಮೂಲೆಯಲ್ಲಿ ನೀರು ನುಗ್ಗುತ್ತದೆಂಬುದು ಆ ಹೊಲದಲ್ಲಿ ದನ ಮೇಯಿಸಿದವನಿಗೆ ಗೊತ್ತು. ಎರಡೂ ಅರಿವುಗಳು ಒಂದೆಡೆ ಸೇರಿದಲ್ಲದೆ ಕೊಂಡಿ ಕೂಡುವುದಿಲ್ಲ.

ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವೀನಾಸರು ವಿವೇಕವೆಂಬ ಸದ್ಗುಣವನ್ನು ವಿಂಗಡಿಸುವಾಗ, ಅನ್ಯರಿಂದ ಕಲಿಯುವ ಸಿದ್ಧತೆಯನ್ನು ಅದರ ಒಂದು ಅಂಗವನ್ನಾಗಿ ಎಣಿಸುತ್ತಾರೆ. ಆಚರಣೆಯ ವಿಷಯಗಳು ಲೆಕ್ಕವಿಲ್ಲದಷ್ಟು ಬಗೆಯವಾದುದರಿಂದ ಒಬ್ಬನೇ ಮನುಷ್ಯನು ಅಲ್ಪಕಾಲದಲ್ಲಿ ಅವೆಲ್ಲವನ್ನೂ ಗ್ರಹಿಸಲಾರನು, ಪಂಡಿತರಿಗೂ ಈ ಕಲಿಯುವ ಮನಸ್ಸು ಬೇಕು ಎಂಬುದು ಅವರ ವಾದ. ಹದಿಮೂರನೆಯ ಶತಮಾನದ ಈ ಮಾತು ನಮ್ಮ ಕೊಳವೆ ಬಾವಿಗಳ ಕಾಲಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕೊಳವೆ ಬಾವಿಯು ಏಕಾಂಗಿಯ ಯಂತ್ರ. ನೆರೆಯವನು ಐನೂರು ಅಡಿ ಕೊರೆಸಿದರೆ ನಾನು ಏಳುನೂರು ಅಡಿ. ಅವನು ಮತ್ತೆ ಸಾವಿರ ಅಡಿ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿಗಳ ಹೆಸರು ಬಂದದ್ದು ಈ ಪೈಪೋಟಿಯ ಫಲ. ಕಳೆದ ದಶಕದ ಬರಗಾಲಗಳಲ್ಲಿ ಸುಳಿ ಬಾಗಿ ನಿಂತ ತೆಂಗಿನ ಮರಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈಗ ನಮ್ಮ ಮನಸ್ಸನ್ನು ಬಹಳವಾಗಿ ಕಾಡುವ ಸಂಗತಿಗೆ ಬರೋಣ. 2014ರಲ್ಲಿ ರಾಜ್ಯ ಸರ್ಕಾರವು ‘ಕೃಷಿ ಭಾಗ್ಯ’ ಯೋಜನೆಯನ್ನು ತಂದಿತು. ಹೊಂಡ ತೋಡಲು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಸಲು, ನೀರೆತ್ತುವ ಪಂಪಿಗೆ ಸಹಾಯಧನ ದೊರೆಯಿತು. ಒಣಬೇಸಾಯದ ರೈತನಿಗೆ ಮಳೆ ಕೈಕೊಟ್ಟ ವೇಳೆಯಲ್ಲಿ ಒಂದೆರಡು ನೀರು ಕೊಡಲು ಇದರಿಂದ ಉಪಕಾರವಾದುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊದಿಕೆ ಹಾಸಿದ ಹೊಂಡದಿಂದ ನೆಲಕ್ಕೆ ನೀರು ಇಂಗುವುದಿಲ್ಲ. ಅರ್ಜಿ ಹಾಕಿದವನಿಗೆ ಹೊಂಡ ಸಿಗುತ್ತದೆಯೇ ಹೊರತು ಅವನ ಮೇಲಿನವನಿಗೂ ಕೆಳಗಿನವನಿಗೂ ಅದರೊಡನೆ ಯಾವ ಮಾತುಕತೆಯೂ ಇಲ್ಲ. ಹೊಂಡವು ಯೋಜನೆಯಾಯಿತು, ಕೊಂಡಿಯು ಯೋಜನೆಯಾಗಲಿಲ್ಲ. ಕಚೇರಿಗೆ ಎಣಿಸಲು ಹೊಂಡ ಸುಲಭ. ಎಷ್ಟು ಜನ ನೆರೆಯವರು ಎಷ್ಟು ಸಂಜೆ ಒಟ್ಟಿಗೆ ಕುಳಿತರೆಂಬುದಕ್ಕೆ ಯಾವ ನಮೂನೆಯಲ್ಲಿಯೂ ಅಂಕಣವಿಲ್ಲ.

ಹಾಗೆಂದು ಸರ್ಕಾರದ ಮಟ್ಟಕ್ಕೆ ಹೋದ ಮೇಲೆ ಎಲ್ಲವೂ ಜೀವ ಕಳೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ಗುಜರಾತಿನ ವಾಂಸದಾ ಪ್ರದೇಶದಲ್ಲಿ ಬೈಫ್ ಸಂಸ್ಥೆಯು 1982ರಲ್ಲಿ ಬುಡಕಟ್ಟು ಕುಟುಂಬಗಳೊಡನೆ ‘ವಾಡಿ’ ಎಂಬ ಸಣ್ಣ ಹಣ್ಣಿನ ತೋಟಗಳನ್ನು ಆರಂಭಿಸಿತು. ಆ ಅನುಭವವು ಹಲವು ರಾಜ್ಯಗಳಲ್ಲಿ ಹಲವು ಸಂಸ್ಥೆಗಳ ಕೈ ದಾಟಿ, ಸರಿತಿದ್ದಿಕೊಂಡು, 2003–04ರಲ್ಲಿ ನಬಾರ್ಡ್ ಬ್ಯಾಂಕು ಬುಡಕಟ್ಟು ಅಭಿವೃದ್ಧಿ ನಿಧಿಯನ್ನೇ ಸ್ಥಾಪಿಸಲು ಮಾದರಿಯಾಯಿತು. ಮೊದಲ ತೋಟಕ್ಕೂ ಆ ನಿಧಿಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿದ್ದುವೆಂಬುದನ್ನು ಗಮನಿಸಬೇಕು. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡುವ ನಮ್ಮ ಜನರಿಗೆ ಇದು ಅರ್ಥವಾಗದ ಮಾತಲ್ಲ.

ಕೀಟಗಳ ವಿಷಯಕ್ಕೆ ಬಂದರಂತೂ ಬೇಲಿ ಎಂಬುದು ಬರಿಯ ಕಲ್ಪನೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆಯು ಬಹುಬೇಗ ನಮ್ಮ ಸೀಮೆಗೂ ಬಂದು ಕಾಯಿಗಳನ್ನು ಸುಕ್ಕುಗಟ್ಟಿಸಿತು. ಪ್ರತಿಯೊಬ್ಬನೂ ತನ್ನ ತನ್ನ ಮರದ ಬೇರಿಗೆ ವಿಷ ಉಣಿಸಿ ತಾನು ಪಾರಾದೇನೆಂದುಕೊಂಡನು. ಕಪ್ಪುತಲೆ ಹುಳುವಿಗೆ ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಗೋನಿಯೋಜಸ್ ಎಂಬ ಪರೋಪಜೀವಿ ಕೀಟವನ್ನು ಬೆಳೆಸಿ ಕೊಡುವ ಏರ್ಪಾಡು ಬಹುಕಾಲದಿಂದ ಇದೆ. ಆದರೆ ಒಂದು ತೋಟದಲ್ಲಿ ಅದನ್ನು ಬಿಟ್ಟು ಸುತ್ತಲ ಹತ್ತು ತೋಟಗಳಲ್ಲಿ ಬಿಡದಿದ್ದರೆ ಹುಳು ಮತ್ತೆ ಅಲ್ಲಿಂದಲೇ ಬರುತ್ತದೆ. 2016ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟ ಸುರುಳಿ ಬಿಳಿನೊಣದ ಕಥೆ ಇನ್ನೂ ವಿಚಿತ್ರ. ಅದನ್ನು ಹದ್ದುಬಸ್ತಿನಲ್ಲಿಡುವುದು ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ. ಆದ್ದರಿಂದ ರಾಸಾಯನಿಕ ಸಿಂಪಡಿಸಬೇಡಿರೆಂದೇ ವಿಜ್ಞಾನಿಗಳ ಸಲಹೆ. ಹತ್ತು ಜನ ಸಂಯಮದಿಂದಿದ್ದು ಹನ್ನೊಂದನೆಯವನು ಸಿಂಪಡಿಸಿದರೆ ಆ ಹತ್ತೂ ಜನರ ಮಿತ್ರಕೀಟ ಸಾಯುತ್ತದೆ. ಇಲ್ಲಿ ಎಲ್ಲರೂ ಕೂಡಿ ಕಲಿಯಬೇಕಾದ ವಿದ್ಯೆಯು ಏನನ್ನೂ ಮಾಡದಿರುವ ವಿದ್ಯೆ! ಸನ್ಮಾನಕ್ಕೆ ಒದಗುವಂತಹುದಲ್ಲ.

ಜೊತೆಗೂಡಿ ಕಲಿಯುವುದು ನಮ್ಮ ನಾಡಿಗೆ ಪರಕೀಯವೆಂದು ಯಾರೂ ಭಾವಿಸಬಾರದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ಇಡೀ ದೇಶಕ್ಕೆ ಮೊದಲಿಗರಾದರು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯು ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ರೈತನ ಕೈಗೇ ಲೇಖನಿ ಕೊಟ್ಟಿತು; ಕೃಷಿಕನು ಕೃಷಿಕನಿಗೆ ಬರೆಯುವ, ತನ್ನ ತೋಟದಲ್ಲಿ ಕಂಡದ್ದನ್ನು ತಾನೇ ಹೇಳುವ ಪದ್ಧತಿ ಬೆಳೆಯಿತು. ದೂರದ ಕೆನಡಾದ ಬೆಸ್ತರ ಊರುಗಳಲ್ಲಿ ನಡೆದುದೂ ಇಂತಹುದೇ. ಅಲ್ಲಿನ ನೋವಾಸ್ಕೋಷಿಯಾದ ಬಡತನವನ್ನು ಕಂಡು ಫಾದರ್ ಜಿಮ್ಮಿ ಟಾಂಪ್ಕಿನ್ಸ್ ಮತ್ತು ಫಾದರ್ ಮೋಸೆಸ್ ಕೋಡಿಯವರು ಮೊದಲು ಮಾಡಿದ್ದು ದಾನವಿತರಣೆಯನ್ನಲ್ಲ. ಆಂಟಿಗೋನಿಶ್ ಪಟ್ಟಣದ ಸಂತ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯದಲ್ಲಿ 1928ರಲ್ಲಿ ವಿಸ್ತರಣಾ ವಿಭಾಗವೊಂದು ಹುಟ್ಟಿತು. ಬೆಸ್ತರು ಹತ್ತು ಹನ್ನೆರಡು ಜನರ ಸಣ್ಣ ಅಧ್ಯಯನ ಕೂಟಗಳಲ್ಲಿ, ಹಲವೊಮ್ಮೆ ಅಡಿಗೆಮನೆಯ ಮೇಜಿನ ಸುತ್ತಲೇ, ತಮ್ಮ ಲಾಬ್‌ಸ್ಟರಿನ ಬೆಲೆ ಯಾರ ಕೈಯಲ್ಲಿ ಎಷ್ಟಾಗುತ್ತದೆಂದು ಲೆಕ್ಕ ಹಾಕತೊಡಗಿದರು. ಸಹಕಾರಿ ಕಾರ್ಖಾನೆಗಳೂ ಪತ್ತಿನ ಸಂಘಗಳೂ ಬಂದದ್ದು ಆ ಮೇಲೆ. ಪ್ರಪಂಚದ ನಾನಾ ಕಡೆಗಳಿಂದ ಸಂಘಟಕರು ಬಂದು ಕಲಿಯುವ ಕೋಡಿ ಸಂಸ್ಥೆ 1959ರಲ್ಲಿ ಅಲ್ಲಿಯೇ ಸ್ಥಾಪಿತವಾಯಿತು.

ನಮ್ಮ ತಿಪಟೂರಿನ ಕೋಡಿಹಳ್ಳಿಯಿಂದ 2010ರಲ್ಲಿ ಆರಂಭವಾದ ಅಕ್ಷಯಕಲ್ಪ ಸಂಸ್ಥೆಯು ಇದೇ ಪರಂಪರೆಯ ಇನ್ನೊಂದು ಕವಲು. ಡಾ. ರೆಡ್ಡಿಯವರೂ ತಂತ್ರಾಂಶ ಕ್ಷೇತ್ರವನ್ನು ಬಿಟ್ಟುಬಂದ ಶಶಿಕುಮಾರರೂ ಸೇರಿ ಕಟ್ಟಿದ ಈ ಕಂಪನಿಯು ಸಾವಯವ ಹಾಲಿಗೆ ನಗರದಲ್ಲಿ ಒಳ್ಳೆಯ ಬೆಲೆಯಿದೆಯೆಂದು ತೋರಿಸಿಕೊಟ್ಟಿತು. ಇದನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕೆನಿಸುತ್ತದೆ. ಹಾಲು ಕೊಡುವ ರೈತರು ಪರಸ್ಪರ ಎಷ್ಟು ಕಲಿಯುತ್ತಾರೆಂಬುದೇ ಇಂತಹ ಯಾವ ಉದ್ಯಮದ ದೀರ್ಘಾಯುಷ್ಯಕ್ಕೂ ನಿಜವಾದ ಅಳತೆಗೋಲು. ಕಂಪನಿಯಿಂದ ರೈತನಿಗೆ ಇಳಿಯುವ ತಿಳಿವಳಿಕೆ ಅರ್ಧ ದಾರಿ ಮಾತ್ರ.

1931ರ ತಮ್ಮ ವಿಶ್ವಪತ್ರದಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು, ಸಣ್ಣ ಸಮುದಾಯವು ತಾನೇ ಮಾಡಬಲ್ಲುದನ್ನು ದೊಡ್ಡ ಸಂಸ್ಥೆಯು ಕಿತ್ತುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಸರ್ಕಾರವನ್ನು ಟೀಕಿಸುವಾಗ ಇದನ್ನು ನಾವು ಉತ್ಸಾಹದಿಂದ ನೆನೆಯುತ್ತೇವೆ. ಆದರೆ ಒಂದೇ ತಾಲ್ಲೂಕಿನಲ್ಲಿ ಮೂರು ಸಮಾಜಸೇವಾ ಸಂಸ್ಥೆಗಳು ಮೂರು ಜೀಪುಗಳಲ್ಲಿ ಓಡಾಡಿ, ಅದೇ ಹೆಂಗಸರನ್ನು ಮೂರು ಸಂಘಗಳಿಗೆ ಸೇರಿಸಿ, ಮೂರು ಬೇರೆ ಬೇರೆ ವರದಿಗಳನ್ನು ಬರೆಯುವ ದೃಶ್ಯ ಧಾರ್ಮಿಕ ಸಂಸ್ಥೆಗಳ ಲೋಕದಲ್ಲಿಯೂ ಅಪರೂಪವಲ್ಲ. ವರದಿಯಲ್ಲಿ ಸೋಲಿಗೆ ಸ್ಥಳವಿಲ್ಲ. ದಾನಿಗಳು ಸೋಲಿಗೆ ಹಣ ಕೊಡರು. ಯಾವ ಹೊಂಡ ಏಕೆ ಒಡೆಯಿತೆಂಬುದನ್ನು ಹೀಗೆ ಬಚ್ಚಿಟ್ಟರೆ ಪಕ್ಕದ ಸಂಸ್ಥೆಯವರು ಅದೇ ಮಣ್ಣಿನಲ್ಲಿ ಅದೇ ಬಗೆಯ ಹೊಂಡವನ್ನು ಮತ್ತೆ ತೋಡುತ್ತಾರೆ.

ಆದುದರಿಂದ ಕ್ರೈಸ್ತ ಕುಟುಂಬಗಳಿಗೆ ನಮ್ಮದೊಂದು ಸಣ್ಣ ಬಿನ್ನಹವಿದೆ. ಈ ಸೀಮೆಯಲ್ಲಿ ನಾವು ಕೆಲವೇ ಮನೆಗಳು. ತೋಟವಿರುವವರು ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು ಊರಿನ ತೋಟವನ್ನು ದೂರದಿಂದ ನೋಡಿಕೊಳ್ಳುವವರೂ ಇದ್ದಾರೆ. ಮುಂದಿನ ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚುವ ಮುನ್ನ ಒಂದೇ ಹಳ್ಳಕ್ಕೆ ಸೇರಿದ ಹದಿನೈದು ಇಪ್ಪತ್ತು ತೋಟಗಳವರು, ಯಾವ ಜಾತಿಮತವೆಂದು ಎಣಿಸದೆ, ತಿಂಗಳಿಗೊಮ್ಮೆ ಒಂದೆಡೆ ಸೇರುವಂತಾಗಲಿ. ಯಾರು ಸಿಂಪಡಿಸಿದರು, ಯಾರು ಬಿಟ್ಟರು, ಯಾರ ಮರ ಚೇತರಿಸಿತು ಎಂಬುದನ್ನು ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಯುವುದು ಮೂರನೆಯ ಸಭೆಗೆ ಸಾಕು. ಮೊದಲೆರಡು ಸಭೆಗಳಲ್ಲಿ ತಮಗೆ ಗೊತ್ತಿರುವುದೇನೆಂದು ರೈತರು ತಾವೇ ಕಂಡುಕೊಳ್ಳಲಿ. ನೀರಿನ ಮಾತು ತಾನಾಗಿಯೇ ಬಂದೀತು. ಜಾಗ ಸಿಗದಿದ್ದರೆ ನಮ್ಮ ಶಾಲೆಗಳ ಕೊಠಡಿಗಳಿವೆ. ಸಂಜೆ ಐದರ ಮೇಲೆ ಅಲ್ಲಿ ಬೆಂಚುಗಳು ಖಾಲಿಯಾಗಿರುತ್ತವೆ.